ಮೊದಲ ಗುಟುಕು

ಪುರಸವಾಕ್ಕಂ ಹೈರೋಡಿನ 'ಪಾಜಕ ವಿಲಾಸ'ದಲ್ಲಿ ಒಮ್ಮೆ ಕಾಫಿ ಕುಡಿದವರು ಬೇರೆ ಹೋಟೆಲಿನ ಕಾಫಿಗೆ ಮೂಗು ಮುರಿಯುತ್ತಿದ್ದರು. ಮದರಾಸಿನವರು ಬೈಯುವುದರಲ್ಲಿ ಧಾರಾಳಿಗಳು, ಹೊಗಳುವುದರಲ್ಲಿ ಮಾತ್ರ ಮಹಾ ಜಿಪುಣರು. ಅಂಥವರ ಬಾಯಲ್ಲೂ ಶಹಭಾಸ್ ಅನ್ನಿಸಿಕೊಂಡವನು ಸದಾನಂದ. ಕರಾವಳಿಯ ಕಾಪು ಕಡೆಯವನು. ಐವತ್ತೆರಡನೆಯ ಇಸವಿಯಲ್ಲಿ ಬಂದು ಎರಡು ವರ್ಷ ರುಬ್ಬುವ ಕಲ್ಲಿನ ಮುಂದೆ ಕೂತಿದ್ದ. ಆಮೇಲೆ ಕಾಫಿ ಒಲೆಯ ಮುಂದೆ ನಿಂತವನು ಅಲ್ಲಿಂದ ಕದಲಲೇ ಇಲ್ಲ. ಡಿಕಾಕ್ಷನ್ ಹದಕ್ಕೆ ಬಂತೋ ಇಲ್ಲವೋ ಎಂದು ವಾಸನೆಯಲ್ಲೇ ಹೇಳುತ್ತಿದ್ದ.

ಇಷ್ಟೆಲ್ಲ ಇದ್ದೂ ಅರವತ್ತೊಂದನೆಯ ಇಸವಿಯ ಬೇಸಿಗೆಯಿಂದ ಈಚೆಗೆ ಅವನು ಒಂದು ಹನಿ ಕಾಫಿ ಕುಡಿದವನಲ್ಲ. 'ನೀನು ಮಾಡಿದ್ದನ್ನು ನೀನೇ ಕುಡಿಯುವುದಿಲ್ಲವಲ್ಲ' ಎಂದು ಗಿರಾಕಿಗಳು ಚುಡಾಯಿಸಿದರೆ ಬಟ್ಟೆ ತೆಗೆದುಕೊಂಡು ಒಲೆಯ ಕಟ್ಟೆ ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ.

ಆ ಕಾಲದಲ್ಲಿ ಮದರಾಸಿಗೆ ನಾನ್‌ಸ್ಟಾಪ್ ಸೈಕಲ್ಲಿನ ಹುಚ್ಚು ಹಿಡಿದಿತ್ತು. ಬಯಲಿನಲ್ಲಿ ಸುತ್ತ ಬಿದಿರು ಕಟ್ಟಿ, ಮೈಕಿನಲ್ಲಿ ಹಾಡು ಹಾಕುತ್ತಿದ್ದರು. ಒಬ್ಬ ಸೈಕಲ್ ಹತ್ತಿದನೆಂದರೆ ನಾಲ್ಕು ದಿನ, ಐದು ದಿನ ಕಾಲು ನೆಲಕ್ಕೆ ತಾಗಿಸುವಂತಿಲ್ಲ. ಹಲ್ಲುಜ್ಜುವುದು, ಸ್ನಾನ, ಊಟ ಎಲ್ಲವೂ ಸುತ್ತುತ್ತಲೇ. ಜನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದು ಬಾಯಿಬಿಟ್ಟು ನೋಡುತ್ತಿದ್ದರು. ಐತಪ್ಪನ ಹೊಟ್ಟೆಪಾಡು ಅದೇ. ಮೊದಲು ಅವನೂ ಪಾಜಕ ವಿಲಾಸದಲ್ಲಿ ಸಪ್ಲೈಯರ್ ಆಗಿದ್ದವನು. ಹೋಟೆಲಿನ ಅಟ್ಟದಲ್ಲಿ ಅವನೂ ಸದಾನಂದನೂ ಮೂರು ವರ್ಷ ಒಂದೇ ಚಾಪೆಯಲ್ಲಿ ಮಲಗಿದ್ದರು. ಐವತ್ತೇಳರಲ್ಲಿ ತಟ್ಟೆ ಬಿಟ್ಟು ಸೈಕಲ್ ಹಿಡಿದ. ವೇಲೂರು, ಸೇಲಂ, ಕೋಲಾರ ಎಂದು ಊರೂರು ಸುತ್ತಿ ಹೆಸರು ಮಾಡಿದ.

ಅರವತ್ತೊಂದರ ಏಪ್ರಿಲ್‌ನಲ್ಲಿ ಅವನು ಕೀಲ್ಪಾಕಿನ ಬಯಲಿಗೆ ಬಂದ. ಈ ಸಲ ಪಂಥ ದೊಡ್ಡದು. ಸೈಕಲ್ ಸಂಘದವರ ಕಣ್ಣೆದುರು ಏಳು ದಿನ ಪೂರೈಸಿದರೆ ಅವರೇ ಸಿಂಗಪುರದ ಪ್ರದರ್ಶನಕ್ಕೆ ಕಳಿಸುವವರಿದ್ದರು. ಹಿಂದಿನ ದಿನ ಹೋಟೆಲಿಗೆ ಬಂದು ಸದಾನಂದನನ್ನು ಹಿತ್ತಲಿಗೆ ಕರೆದ.

"ನೋಡು ಮಾರಾಯ, ಸೇಲಂನಲ್ಲಿ ಯಾರೋ ಮಜ್ಜಿಗೆಗೆ ಭೇದಿ ಮದ್ದು ಹಾಕಿ ನನ್ನ ಮರ್ಯಾದೆ ತೆಗೆದ್ರು. ಈ ಸಲ ನಿನ್ನ ಕೈಯ ಕಾಫಿ ಮಾತ್ರ ನಾನು ಕುಡಿಯುವುದು. ಎಲ್ಲರ ಎದುರು ಮೊದಲು ನೀನು ಅರ್ಧ ಲೋಟ ಕುಡಿ, ಮತ್ತೆ ನನಗೆ ಕೊಡು."

ಸದಾನಂದನ ಎದೆ ಉಬ್ಬಿತು. "ಅದಕ್ಕೆಂತ, ಆಯ್ತು" ಎಂದ.

ಐತಪ್ಪ ಒಂದು ಡಬ್ಬಿ ಕೊಟ್ಟ. "ಇದು ಗ್ಲೂಕೋಸ್, ಬೊಂಬಾಯಿಯದ್ದು. ಒಂದು ಕೂಜಕ್ಕೆ ಎರಡು ಚಮಚ ಹಾಕು. ವಿಟಮಿನ್ ಸೇರಿಸಿದ್ದಾರೆ, ಹಾಗೆ ಸ್ವಲ್ಪ ಕಹಿ ಉಂಟು. ಅದನ್ನು ನೀನೇ ಹೇಗಾದ್ರೂ ಅಡಗಿಸ್ಬೇಕು."

ಕಹಿ ಅಡಗಿಸುವುದು ಸದಾನಂದನಿಗೆ ಕಲಿಸಿ ಕೊಡಬೇಕೆ? ಬೀಜವನ್ನು ಇನ್ನಷ್ಟು ಹುರಿಸಿದ, ಹಾಲು ಗಟ್ಟಿಯಾಗಿ ಕಾಯಿಸಿದ, ಸಕ್ಕರೆ ಒಂದು ಚಿಟಿಕೆ ಹೆಚ್ಚಿಗೆ ಹಾಕಿದ. ಇಡೀ ಮದರಾಸಿನಲ್ಲಿ ಯಾರೂ ಕಂಡುಹಿಡಿಯಲಾರದ ಹಾಗೆ ಆ ಕಹಿಯನ್ನು ಮುಚ್ಚಿದ.

ಮಂಗಳವಾರ ಬೆಳಿಗ್ಗೆ ಐತಪ್ಪ ಸೈಕಲ್ ಹತ್ತಿದ. ದಿನಕ್ಕೆ ಆರು ಸಲ ಸದಾನಂದ ಹಿತ್ತಾಳೆ ಕೂಜ ಹಿಡಿದು ಬಯಲಿಗೆ ಹೋಗುತ್ತಿದ್ದ. ಜನರ ಕಡೆ ತಿರುಗಿ ಅರ್ಧ ಲೋಟ ಎತ್ತಿ ಕುಡಿಯುತ್ತಿದ್ದ. ಚಪ್ಪಾಳೆ ಬೀಳುತ್ತಿತ್ತು. ಆಮೇಲೆ ಸೈಕಲ್ಲಿನ ಪಕ್ಕ ಓಡುತ್ತ ಐತಪ್ಪನ ಕೈಗೆ ತುಂಬಿದ ಲೋಟ ಕೊಡುತ್ತಿದ್ದ. ಹೋಟೆಲಿನ ಯಜಮಾನರು ವಿಷ್ಣುಮೂರ್ತಿ ರಾಯರು ಸುಮ್ಮನಿರುವ ಪೈಕಿಯೆ? 'ನಾನ್‌ಸ್ಟಾಪ್ ವೀರ ಕುಡಿಯುವುದು ನಮ್ಮ ಕಾಫಿ' ಎಂದು ತಮಿಳಿನಲ್ಲೂ ಕನ್ನಡದಲ್ಲೂ ಬೋರ್ಡು ಬರೆಸಿ ಬಾಗಿಲಿಗೆ ತೂಗು ಹಾಕಿಸಿದರು.

ಆ ದಿನಗಳಲ್ಲಿ ಸದಾನಂದನ ಉತ್ಸಾಹವನ್ನು ಹಿಡಿಯುವವರೇ ಇರಲಿಲ್ಲ. ಎರಡು ಪಾಳಿ ಒಬ್ಬನೇ ನಿಂತ. ಹೋಟೆಲಿನ ಹಿತ್ತಾಳೆ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿದ. ಗಟ್ಟಿಯಾಗಿ ಯಕ್ಷಗಾನದ ಪದ ಹೇಳುತ್ತ ಅಯನಾವರದ ಒಂದೇ ಕೋಣೆಯ ಮನೆಗೆ ಬಂದರೆ, ಹೆಂಡತಿ ಚಂದ್ರಮತಿ ಗಾಬರಿಯಾಗಿ ನೋಡುತ್ತಿದ್ದಳು.

"ನಿನ್ನೆಯೂ ನೀವು ಕಣ್ಣು ಮುಚ್ಲಿಲ್ಲ. ಎರಡು ತುತ್ತು ಉಂಡು ಎದ್ರಿ. ಎಂತ ಆಗಿದೆ ನಿಮಗೆ?"

"ಅವನು ಅಲ್ಲಿ ನಿದ್ದೆ ಬಿಟ್ಟು ಸುತ್ತುವಾಗ ನನಗೆ ನಿದ್ದೆ ಬರ್ತದಾ? ಸ್ನೇಹ ಅಂದ್ರೆ ಇದು ಚಂದ್ರಮತಿ!"

ಪಾಪ, ಅವನು ಹಾಗೆಯೇ ನಂಬಿದ್ದ. ಸ್ನೇಹಿತನ ಮೇಲಿನ ಪ್ರೀತಿಯೇ ತನ್ನ ಹಸಿವು ನಿದ್ದೆಗಳನ್ನು ಕಟ್ಟಿಹಾಕಿದೆ ಎಂದುಕೊಂಡು ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದ.

ಭಾನುವಾರ, ಆರನೆಯ ದಿನ, ಮಧ್ಯಾಹ್ನ ಮೂರು ಗಂಟೆ. ತಲೆ ಸೀಳುವ ಬಿಸಿಲು. ಲೋಟ ಖಾಲಿ ಮಾಡಿ ವಾಪಸು ಕೊಟ್ಟ ಐತಪ್ಪ ಇನ್ನೂ ಎರಡು ಸುತ್ತು ಹೋಗಿದ್ದ, ಅಷ್ಟರಲ್ಲಿ ಸೈಕಲ್ ಸಮೇತ ಉರುಳಿದ. ಮೈ ಕಾದ ಕಾವಲಿಯಂತೆ ಸುಡುತ್ತಿತ್ತು, ಒಂದು ಹನಿ ಬೆವರಿಲ್ಲ. ಬಾಯಲ್ಲಿ ನೊರೆ. ಸೈಕಲ್ಲನ್ನು ಎಳೆದು ತೆಗೆದ ಮೇಲೂ ಅವನ ಎರಡು ಕಾಲುಗಳು ನೆಲದ ಮೇಲೆ ಪೆಡಲ್ ತುಳಿಯುತ್ತಲೇ ಇದ್ದವು. ನೋಡುತ್ತಿದ್ದ ಹೆಂಗಸರು ಮಕ್ಕಳ ಕಣ್ಣು ಮುಚ್ಚಿದರು. ಸದಾನಂದ ಕೂಜ ಹಿಡಿದೇ ಅವನತ್ತ ಓಡಿದ.

"ಕಾಪಿಲೆ ವಿಷಂ!" ಎಂದು ಯಾರೋ ಕೂಗಿದರು. ಕಾಫಿಯಲ್ಲಿ ವಿಷ! ಮೊನ್ನೆ ಚಪ್ಪಾಳೆ ತಟ್ಟಿದ ಕೈಗಳೇ ಸದಾನಂದನ ಅಂಗಿ ಹಿಡಿದವು.

"ವಿಷವಾದ್ರೆ ನಾನೂ ಸಾಯ್ತೇನೆ, ನೋಡಿ!" ಎಂದು ಅವನು ಕೂಜವನ್ನೇ ಎತ್ತಿ, ಉಳಿದಿದ್ದ ಕಾಫಿಯನ್ನು ಗಟಗಟ ಕುಡಿದು ಬೋರಲು ಹಾಕಿ ತೋರಿಸಿದ. ಜನ ಕೈಬಿಟ್ಟರು. ಸಂಘದವರ ಕಾರಿನಲ್ಲಿ ಐತಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಕೀಲ್ಪಾಕಿನ ಆಸ್ಪತ್ರೆಗೆ ಹೋದ.

ಅಲ್ಲಿದ್ದ ಡಾಕ್ಟರು ಸುಮತಿ ಎಂಬವರು, ಮೈಸೂರಿನ ಕಡೆಯವರು. ಐತಪ್ಪನನ್ನು ಐಸಿನ ಬಟ್ಟೆಯಲ್ಲಿ ಸುತ್ತಿಸಿ ಹೊರಗೆ ಬಂದು, "ಏನ್ರೀ ಕೊಟ್ಟಿದ್ರಿ ಅವರಿಗೆ?" ಎಂದರು.

"ಕಾಫಿ ಅಮ್ಮಾ, ನಾನೇ ಮಾಡಿದ ಕಾಫಿ. ಪ್ರತಿ ಸಲ ಮೊದಲು ನಾನು ಕುಡಿದೇ ಅವನಿಗೆ ಕೊಟ್ಟದ್ದು. ಬೇಕಾದ್ರೆ ಸಾವಿರ ಜನರನ್ನು ಕೇಳಿ. ನನಗೆ ಎಂತದಾದ್ರೂ ಆಗಿದೆಯಾ? ನೀವೇ ನೋಡಿ!"

ಡಾಕ್ಟರು ನಿಜವಾಗಿಯೂ ನೋಡಿದರು. ಅವನ ರೆಪ್ಪೆ ಎತ್ತಿ ನೋಡಿದರು. ಕೈ ಹಿಡಿದು, ಗಡಿಯಾರ ನೋಡುತ್ತ ನಿಂತರು. ಅವರ ಮುಖ ಬದಲಾಯಿತು.

"ನೀವು ನಿದ್ದೆ ಮಾಡಿ ಎಷ್ಟು ದಿನ ಆಯ್ತು?"

ಉತ್ತರ ಹೇಳಲು ಸದಾನಂದ ಬಾಯಿ ತೆರೆದ. ಬೆರಳು ಮಡಿಚಿ ಎಣಿಸಿದ. ಸೋಮವಾರ ಮಲಗಿದ್ದು ನೆನಪಿದೆ. ಆಮೇಲೆ ಒಂದೊಂದು ಗಂಟೆ ಗೋಡೆಗೊರಗಿದ್ದು ಬಿಟ್ಟರೆ ಬೇರೆ ನೆನಪೇ ಇಲ್ಲ. ಇವತ್ತು ಭಾನುವಾರ.

"ಆ ಕಾಫಿಗೆ ಏನು ಬೆರೆಸ್ತಿದ್ರಿ?"

ಸದಾನಂದ ಗ್ಲೂಕೋಸಿನ ವಿಷಯ ಹೇಳಿದ. ಹೋಟೆಲಿನಿಂದ ಡಬ್ಬಿ ತರಿಸಿದರು. ಬಿಳಿ ಪುಡಿಯ ನಡುವೆ ಸರಿಯಾಗಿ ಅರೆಯದ ಮಾತ್ರೆಯ ಚೂರುಗಳು ಕೈಗೆ ಸಿಕ್ಕಿದವು.

"ಇದು ನಿದ್ದೆಗೆಡಿಸೋ ಮಾತ್ರೆ ಕಣ್ರೀ. ಪರೀಕ್ಷೆ ಬಂದ್ರೆ ಕಾಲೇಜು ಹುಡುಗರು ನುಂಗ್ತಾರಲ್ಲ, ಅದೇ. ಮೈ ಸತ್ತು ಬಿದ್ರೂ ಮನಸ್ಸಿಗೆ ಗೊತ್ತಾಗೋದಿಲ್ಲ. ಹೋದ ವರ್ಷ ರೋಮಿನ ಒಲಿಂಪಿಕ್ಸಲ್ಲಿ ಒಬ್ಬ ಸೈಕಲ್ ಸವಾರ ಬಿಸಿಲಲ್ಲಿ ಬಿದ್ದು ತೀರಿಕೊಂಡ. ಅವಾಗ್ಲೂ ಇಂಥ ಮಾತ್ರೆಗಳ ಮಾತು ಬಂದಿತ್ತು." ಅವರು ಡಬ್ಬಿ ಮುಚ್ಚಿದರು. "ಇವರು ಉಳೀತಾರೆ. ಆದ್ರೆ ಹೃದಯಕ್ಕೆ ಪೆಟ್ಟು ಬಿದ್ದಿದೆ. ಇನ್ನು ಸೈಕಲ್ ತುಳಿಯೋ ಹಾಗಿಲ್ಲ."

ಸದಾನಂದ ಬೆಂಚಿನ ಮೇಲೆ ಕೂತ. ಹಾಗಾದರೆ ಐದು ದಿನ ತನ್ನೊಳಗೆ ಕುಣಿದದ್ದು ಸ್ನೇಹವಲ್ಲ. ಪಾತ್ರೆ ತಿಕ್ಕಿದ್ದು, ಪದ ಹೇಳಿದ್ದು, ಆ ಹೆಮ್ಮೆ, ಎಲ್ಲ ಆ ಡಬ್ಬಿಯದ್ದು. ತನ್ನ ಮೈಯೇ ತನಗೆ ಹೇಸಿಗೆಯಾಯಿತು. ಆದರೂ ಒಂದು ಮಾತನ್ನು ಬಿಡಲಿಲ್ಲ: ಐತಪ್ಪ ನಿರಪರಾಧಿ, ಯಾರೋ ಅವನಿಗೆ ಮೋಸ ಮಾಡಿದ್ದಾರೆ. ಸಂಘದ ಕಾರ್ಯದರ್ಶಿ ಸೀತಾರಾಮ್ ಅವರೆದುರು ಕೈ ಮುಗಿದು ಆಣೆಯಿಟ್ಟು ಹೇಳಿದ. ಮನೆಗೆ ಹೋಗಿ ಎರಡು ದಿನ ಹೆಣದಂತೆ ಮಲಗಿದ.

ಬುಧವಾರ ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ಐತಪ್ಪ ಕಣ್ಣು ಬಿಟ್ಟಿದ್ದ.

"ಆ ಡಬ್ಬಿ ನಿನಗೆ ಯಾರು ಕೊಟ್ಟದ್ದು? ಹೆಸರು ಹೇಳು ಮಾರಾಯ. ಸಂಘದವರು ಕೇಳ್ತಿದ್ದಾರೆ."

"ಯಾರೂ ಕೊಡ್ಲಿಲ್ಲ" ಐತಪ್ಪ ಸೂರು ನೋಡುತ್ತ ಹೇಳಿದ. "ನಾನೇ ಅರೆದು ಹಾಕಿದ್ದು. ಎರಡು ವರ್ಷದಿಂದ ಅದಿಲ್ಲದೆ ಸೈಕಲ್ ಹತ್ತಿದ್ದೇ ಇಲ್ಲ."

ಸದಾನಂದ ಮಂಚದ ಮೇಲೆ ಬಾಗಿದ. "ಮತ್ತೆ ನನಗೆ ಯಾಕೆ ಕುಡಿಸಿದ್ದು?"

"ಸಂಘದವರಿಗೆ ನನ್ನ ಮೇಲೆ ಸಂಶಯ ಇತ್ತು. ಮೊದಲು ನೀನು ಕುಡಿದ್ರೆ ಯಾರೂ ಆ ಲೋಟ ಮೂಸಿ ನೋಡುವುದಿಲ್ಲ ಅಂತ."

"ನನಗೆ ಏನಾದ್ರೂ ಆಗಿದ್ರೆ? ನನಗೂ ಹೆಂಡತಿ ಇದ್ದಾಳಲ್ಲ."

"ಅರ್ಧ ಲೋಟಕ್ಕೆ ಎಂತ ಆಗುವುದಿಲ್ಲ" ಎಂದ ಐತಪ್ಪ, ಸಮಾಧಾನ ಹೇಳುವ ದನಿಯಲ್ಲಿ. "ಸೇಲಂನಲ್ಲಿ ಇನ್ನೊಬ್ಬನಿಗೆ ಕುಡಿಸಿ ನೋಡಿದ್ದೆ."

ಭಾನುವಾರ ಕಾಫಿಯಲ್ಲಿ ವಿಷವಿಲ್ಲವೆಂದು ತೋರಿಸಲು ಕೂಜದ ತಳದವರೆಗೆ ಕುಡಿದದ್ದನ್ನು ಸದಾನಂದ ಹೇಳಲಿಲ್ಲ. ಎದ್ದು ಹೊರಗೆ ಬಂದ. ಸೀತಾರಾಮ್ ಅವರಲ್ಲಿಗೆ ಹೋಗಿ, ತಾನಿಟ್ಟ ಆಣೆ ಸುಳ್ಳು ಎಂದು ಇದ್ದದ್ದನ್ನೆಲ್ಲ ಹೇಳಿದ. ಸಂಘದವರು ಐತಪ್ಪನ ಹೆಸರನ್ನು ಹೊಡೆದು ಹಾಕಿದರು. ಮುಂದೆ ಅವನು ವೇಲೂರಿನಲ್ಲಿ ಯಾರದೋ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತ ಕೂತನಂತೆ. ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತಿತ್ತಂತೆ. ರಾಯರು ಬೋರ್ಡು ಇಳಿಸಿದರು, ಮೂರು ತಿಂಗಳು ವ್ಯಾಪಾರ ಬಿತ್ತು, ಆಮೇಲೆ ಗಿರಾಕಿಗಳು ಮರೆತು ಮತ್ತೆ ಬಂದರು.

ಸದಾನಂದನ ಒಳಗೆ ಕೊನೆಯವರೆಗೂ ಉಳಿದದ್ದು ಇದ್ಯಾವುದೂ ಅಲ್ಲ. ಅದೇ ಬುಧವಾರ ಸಂಜೆ ಮನೆಗೆ ಬಂದು ಗೋಡೆಗೊರಗಿ ಕೂತಿದ್ದ. ಐತಪ್ಪ ಬಿಸಿಲಿಗೆ ಬಿದ್ದ ಎಂಬುದರ ಹೊರತು ಚಂದ್ರಮತಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಬಿಸಿ ಕಾಫಿ ಮಾಡಿ ಲೋಟ ಮುಂದೆ ಹಿಡಿದಳು. ಅವನು ಲೋಟ ನೋಡಿದ, ಅವಳ ಮುಖ ನೋಡಿದ.

"ಮೊದಲು ನೀನೊಂದು ಗುಟುಕು ಕುಡಿ" ಎಂದ.

ಚಂದ್ರಮತಿಯ ಮುಖ ಕೆಂಪಾಯಿತು. ಮದುವೆಯಾದ ಆರು ವರ್ಷಗಳಲ್ಲಿ ಗಂಡ ಇಷ್ಟು ಪ್ರೀತಿಯ ಮಾತು ಆಡಿದ್ದು ಅದೇ ಮೊದಲು. ನಾಚಿಕೊಂಡು, ಸೆರಗಿನಿಂದ ಲೋಟ ಹಿಡಿದು, ಒಂದು ಗುಟುಕು ಕುಡಿದಳು. ಅದು ಅವಳ ಗಂಟಲಿನಲ್ಲಿ ಇಳಿಯುವುದನ್ನೇ ತಾನು ಕಣ್ಣು ಮಿಟುಕಿಸದೆ ಕಾಯುತ್ತಿದ್ದೇನೆ ಎಂದು ಸದಾನಂದನಿಗೆ ಆಗ ಗೊತ್ತಾಯಿತು.

"ತಗೊಳ್ಳಿ" ಎಂದು ಅವಳು ನಗುತ್ತ ಲೋಟ ನೀಡಿದಳು. ಅವನಿಂದ ಕೈ ಚಾಚಲಾಗಲಿಲ್ಲ.