ಹೆಣ್ಣುಮಗಳು ಎಂಬ ಪದ

ಸಮೀಕ್ಷಾ ಕಚೇರಿಯಲ್ಲಿ ಆಕೆಯನ್ನು ಎಲ್ಲರೂ ತಾಳೆಯಕ್ಕ ಎನ್ನುತ್ತಿದ್ದರು. ಪ್ರಶ್ನೆ ಕೇಳುವ ಹುಡುಗಿಯರು ನಿಜವಾಗಿಯೂ ಮನೆಮನೆಗೆ ಹೋಗಿದ್ದರೋ, ಇಲ್ಲಾ ಮರದ ನೆರಳಲ್ಲಿ ಕುಳಿತು ಉತ್ತರಗಳನ್ನು ತಾವೇ ಹೆತ್ತಿದ್ದರೋ ಎಂದು ಹತ್ತಕ್ಕೊಂದು ಫಾರಂ ಎತ್ತಿಕೊಂಡು, ಫೋನ್ ಮಾಡಿ ತಾಳೆ ನೋಡುವುದು ಆಕೆಯ ಕೆಲಸ.

"ತಾಳೆಯಕ್ಕಾ, ಈ ಯಜಮಾನ್ರು ವಯಸ್ಸು ಮೂವತ್ತಾರು ಅಂತಾರೆ. ಮೊಮ್ಮಗಳು ಕಾಲೇಜಲ್ಲಿದ್ದಾಳಂತೆ!"

"ಮನಸ್ಸಿನ ವಯಸ್ಸು ಬರ್ಕೊಂಡು ಬಂದಿದ್ದೀಯ. ಹೋಗಿ ಮೈಯದು ಕೇಳ್ಕೊಂಡು ಬಾ."

ನಲವತ್ತು ದೇಶಗಳಲ್ಲಿ ಐದು ವರ್ಷಕ್ಕೊಮ್ಮೆ ಅವೇ ಪ್ರಶ್ನೆಗಳನ್ನು ಕೇಳಿ, ಜನರ ಮನಸ್ಸು ಎತ್ತ ಹೊರಳುತ್ತಿದೆ ಎಂದು ಅಳೆಯುವ ಸಮೀಕ್ಷೆ ಅದು. ಈ ಸಲ ಒಂದು ಅಂಕಿಯನ್ನು ಕಂಡು ಮೇಲಧಿಕಾರಿ ಹಿಗ್ಗಿ ಹೀರೆಕಾಯಾಗಿದ್ದರು. ಗಂಡನನ್ನು ಬಿಟ್ಟು ಬಂದ ಹೆಣ್ಣುಮಗಳನ್ನು ತವರಿನವರು ಸೇರಿಸಿಕೊಳ್ಳಬೇಕು ಎಂದವರು ಕಳೆದ ಸಲ ನೂರಕ್ಕೆ ಮೂವತ್ತೆಂಟು, ಈಗ ಅರವತ್ತೊಂದು.

"ನೋಡಿದ್ರಾ ಅಮ್ಮಾ, ನಮ್ಮ ಜನ ಬದಲಾಗಿಬಿಟ್ರು!"

ಆಕೆ ತಲೆಯಾಡಿಸಿದಳು. ಹನ್ನೊಂದು ವರ್ಷಗಳ ಹಿಂದೆ ಗಂಡನ ಮನೆಯಿಂದ ಒಂದು ಚೀಲ ಹಿಡಿದು ತವರಿನ ಬಾಗಿಲಿಗೆ ಬಂದಾಗ, ಗಡಿಯಾರ ರಿಪೇರಿ ಮಾಡುತ್ತಿದ್ದ ಅಪ್ಪ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನೂ ತೆಗೆಯದೆ, "ಬಂದ ದಾರಿ ಗೊತ್ತಲ್ಲ" ಎಂದಿದ್ದರು. ಅಂದಿನಿಂದ ಆಕೆಗೆ ಬಾಡಿಗೆಯ ಒಂದು ಕೋಣೆ. ಆ ಮನೆಗೆ ಮತ್ತೆ ಹೋಗಿರಲಿಲ್ಲ, ಫೋನನ್ನೂ ಮಾಡಿರಲಿಲ್ಲ.

ಒಂದು ಮಧ್ಯಾಹ್ನ ಕಟ್ಟಿನಿಂದ ಎತ್ತಿದ ಫಾರಂನಲ್ಲಿ, ಬೆರಳಿಗೇ ಬಾಯಿಪಾಠವಾಗಿದ್ದ ಫೋನ್ ಸಂಖ್ಯೆಯಿತ್ತು. ಗಂಡಸು, ಎಪ್ಪತ್ತೆಂಟು ವರ್ಷ, ಗಡಿಯಾರ ರಿಪೇರಿ. ತವರಿನ ಪ್ರಶ್ನೆಗೆ ಉತ್ತರ: ಪೂರ್ತಿ ಒಪ್ಪುತ್ತೇನೆ.

ನೆಂಟರ ಫಾರಂ ಬಂದರೆ ಬೇರೆಯವರಿಗೆ ದಾಟಿಸಬೇಕು. ಆ ನಿಯಮವನ್ನು ಹುಡುಗಿಯರಿಗೆ ಕಲಿಸಿದವಳೇ ಆಕೆ. ಆದರೂ ಸಂಖ್ಯೆ ಒತ್ತಿದಳು. ಅಪ್ಪ ಒಂದು ಸಲ ಬಾ ಎಂದರೆ ಸಾಕು, ಸಂಜೆಗೇ ಹೊರಟುಬಿಡುವುದೆಂದು ಮನಸ್ಸು ಆಗಲೇ ಚಪ್ಪಲಿ ಮೆಟ್ಟಿ ನಿಂತಿತ್ತು.

"ಯಾರು? ಸ್ವಲ್ಪ ಜೋರಾಗಿ ಹೇಳು ತಾಯಿ, ಕಿವಿ ಮಂದ."

ಮಗಳ ದನಿ ಅವರಿಗೆ ಗುರುತು ಸಿಗಲಿಲ್ಲ. ಸಮೀಕ್ಷಾ ಕಚೇರಿಯಿಂದ ಎಂದಳು.

"ಓ, ಆ ಹುಡುಗಿ ಬಂದಿದ್ಲು. ಪಾಪ, ಬಿಸಿಲಲ್ಲಿ ಬಂದಿದ್ಲು. ನೀರು ಕೊಟ್ಟೆ."

ಅಪ್ಪ ತನ್ನೊಡನೆ ಎಂದಾದರೂ ಇಷ್ಟು ನಯವಾಗಿ ಮಾತಾಡಿದ್ದು ಆಕೆಗೆ ನೆನಪಿಲ್ಲ. ಪ್ರಶ್ನೆಯನ್ನು ಇದ್ದಂತೆಯೇ ಓದಿ, ಉತ್ತರ ಸರಿಯೇ ಎಂದು ಕೇಳಿದಳು.

"ಸರಿ ಮತ್ತೆ. ಹೆಣ್ಣುಮಗಳನ್ನ ಬೀದೀಲಿ ಬಿಡೋಕಾಗುತ್ತಾ? ಕಾಲ ಬದಲಾಗಿದೆ."

"ನಿಮ್ಮ ಮಗಳೇ ಆದ್ರೆ?" ಫಾರಂನಲ್ಲಿಲ್ಲದ ಮಾತು ಬಾಯಿಂದ ಜಾರಿತು.

ಆ ಕಡೆ, ಕೈಯಲ್ಲಿದ್ದ ಗಡಿಯಾರವನ್ನು ಮೇಜಿನ ಮೇಲಿಟ್ಟ ಸದ್ದು.

"ಮಗಳು ಅಂತ ಆ ಹುಡುಗಿ ಕೇಳ್ಲಿಲ್ವಲ್ಲ ತಾಯಿ. ಹೆಣ್ಣುಮಗಳು ಅಂದ್ರೆ ಲೋಕದವಳು, ಯಾರೋ ಒಬ್ಬಳು. ಮಗಳು ಅಂದ್ರೆ ಮನೆ ಮರ್ಯಾದೆ. ಅದು ಬೇರೆ ಪ್ರಶ್ನೆ."

ಕಳೆದ ಸಲದ ಪ್ರಶ್ನೆಪಟ್ಟಿಯಲ್ಲಿ ಇದ್ದದ್ದು ಮಗಳು ಎಂದೇ. ಈ ಸಲ ಕನ್ನಡ ಅನುವಾದ ತಿದ್ದುವಾಗ, "ಹೆಣ್ಣುಮಗಳು ಅನ್ನಿ ಸಾರ್, ಗೌರವವಾಗಿ ಕೇಳ್ಸುತ್ತೆ" ಎಂದು ಸೂಚಿಸಿದವಳು ಆಕೆಯೇ. ಆ ಇನ್ನೊಂದು ಪದವನ್ನು ದಿನಕ್ಕೆ ಮೂವತ್ತು ಸಲ ಉಚ್ಚರಿಸುವುದನ್ನು ಸಹಿಸಲಾಗದೆ ಹಾಗೆಂದಿದ್ದಳು. ಹೆಚ್ಚಿದ ಆ ಇಪ್ಪತ್ತಮೂರರಲ್ಲಿ ಎಷ್ಟು ಮಂದಿ ಅಪ್ಪನಂಥವರೋ, ಯಾರು ಬಲ್ಲರು?

"ಇನ್ನೇನಾದ್ರೂ ಕೇಳೋದಿದೆಯಾ?"

"ಇಲ್ಲ."

"ಯಾರ ಮಗಳೋ ಏನೋ, ಚೆನ್ನಾಗಿರು ತಾಯಿ."

ಫೋನನ್ನು ಅಪ್ಪನೇ ಮೊದಲು ಇಟ್ಟರು. ಉತ್ತರ ಅವರದೇ ಎಂಬ ಚೌಕದಲ್ಲಿ ಆಕೆ ಗುರುತು ಹಾಕಿದಳು, ಅದು ಸುಳ್ಳಾಗಿರಲಿಲ್ಲ. ಮುಂದಿನ ಫಾರಂನ ಸಂಖ್ಯೆ ಒತ್ತಲು ಹೋದರೆ ಬೆರಳು ಎರಡು ಸಲ ಆ ಮನೆಯ ಸಂಖ್ಯೆಯನ್ನೇ ಒತ್ತಿತು. ಎರಡು ಸಲವೂ, ಅಲ್ಲಿ ಫೋನಿನ ಗಂಟೆ ಬಾರಿಸುವ ಮೊದಲೇ, ಆಕೆ ಕರೆ ಕತ್ತರಿಸಿದಳು.