ಗುರುತು ಹಿಡಿಯದ ಡಾಕ್ಟರಮ್ಮ

ಮನೋವೈದ್ಯೆ ಡಾಕ್ಟರಮ್ಮನಿಗೆ ಊರಿನಲ್ಲಿ ಎರಡು ಬಗೆಯ ಹೆಸರಿತ್ತು. ಕ್ಲಿನಿಕ್ಕಿನೊಳಗೆ ಕೂತವರ ಬಾಯಲ್ಲಿ ದೇವರಂಥವಳು, ಬೀದಿಯಲ್ಲಿ ಸಿಕ್ಕವರ ಬಾಯಲ್ಲಿ ಜಂಬದ ಕೋಳಿ. ತಮಾಷೆಯೆಂದರೆ ಎರಡು ಮಾತನ್ನೂ ಆಡುತ್ತಿದ್ದವರು ಹೆಚ್ಚುಕಡಿಮೆ ಅದೇ ಜನ. ಹದಿನೇಳು ವರ್ಷಗಳಿಂದ ಆಕೆ ಒಂದು ನಿಯಮವನ್ನು ವ್ರತದಂತೆ ಪಾಲಿಸಿಕೊಂಡು ಬಂದಿದ್ದಳು. ಕ್ಲಿನಿಕ್ಕಿನ ಹೊಸ್ತಿಲಾಚೆ ಯಾವ ರೋಗಿಯ ಪರಿಚಯವೂ ತನಗಿಲ್ಲ. ಅವರಾಗಿ ಮಾತನಾಡಿಸಿದರೆ ಸರಿ, ಇಲ್ಲವಾದರೆ ಆಕೆಯ ಕಣ್ಣು ಕೈಯಲ್ಲಿರುವ ತರಕಾರಿಯ ಮೇಲೆ.

ಇದರ ಹಿಂದೆ ಒಂದು ಪೆಟ್ಟು ಇತ್ತು. ವೃತ್ತಿಯ ಮೊದಲ ವರ್ಷ ಬಸ್ ನಿಲ್ದಾಣದಲ್ಲಿ ಸಿಕ್ಕ ರೋಗಿಯೊಬ್ಬಳನ್ನು, "ಮಾತ್ರೆ ತಪ್ಪಿಸ್ತಾ ಇಲ್ಲ ತಾನೆ?" ಎಂದು ಅಕ್ಕರೆಯಿಂದ ಕೇಳಿಬಿಟ್ಟಿದ್ದಳು. ಪಕ್ಕದಲ್ಲಿದ್ದವಳು ಆ ಹುಡುಗಿಯ ಭಾವೀ ಅತ್ತೆ. ಮದುವೆ ಮುರಿದುಬಿತ್ತು. ಅಂದಿನಿಂದ ಡಾಕ್ಟರಮ್ಮ ಕಂಡೂ ಕಾಣದವಳಾದಳು. "ದಾರೀಲಿ ಸಿಕ್ಕರೆ ನನ್ನನ್ನಾದ್ರೂ ಗುರುತು ಹಿಡೀತೀಯೇನೆ ತಾಯಿ?" ಎಂದು ಮನೆಯಲ್ಲಿ ಆಕೆಯ ಅತ್ತೆ ಕಿಚಾಯಿಸುತ್ತಿದ್ದರು.

ಈಚೆಗೆ ರೋಗಿಗಳ ಹಿಂದೆಯೇ ಸುದ್ದಿಗಳೂ ಕ್ಲಿನಿಕ್ಕಿಗೆ ಬರುತ್ತಿದ್ದವು. ಎಲ್ಲೋ ಬಿದ್ದ ಬಾಂಬಿಗೆ ಇಲ್ಲೊಬ್ಬ ಅಜ್ಜನ ನಿದ್ದೆ ಹೋಗಿತ್ತು. ಕಾರ್ಖಾನೆ ಮುಚ್ಚುತ್ತದಂತೆ ಎಂಬ ಗಾಳಿಮಾತಿಗೇ ಒಬ್ಬನ ಎದೆ ಡವಗುಟ್ಟುತ್ತಿತ್ತು. ಟಿವಿಯವರಿಗಂತೂ ಕೊಲೆ ಮಾಡಿದವರೆಲ್ಲ 'ಮಾನಸಿಕ ಅಸ್ವಸ್ಥ'ರೇ. ಹಾಗೆಂದ ಮರುದಿನ, ನೊಣಕ್ಕೂ ಕೈಯೆತ್ತದ ಆಕೆಯ ನಾಲ್ಕಾರು ರೋಗಿಗಳು ನಾಚಿಕೊಂಡು ಮನೆಯಲ್ಲೇ ಉಳಿಯುತ್ತಿದ್ದರು. ಇದರಿಂದ ಸಿಟ್ಟಿಗೆದ್ದು ಆಕೆ ಪತ್ರಿಕೆಯೊಂದಕ್ಕೆ ಭಾನುವಾರದ ಅಂಕಣ ಬರೆಯತೊಡಗಿದಳು. ಚೆನ್ನಾಗಿಯೇ ಬರೆಯುತ್ತಿದ್ದಳು. ಊರಿಗೆ ಬುದ್ಧಿ ಹೇಳುವುದು ಯಾರಿಗೆ ತಾನೆ ಕಷ್ಟ?

ಆರು ವರ್ಷದಿಂದ ಆಕೆಯ ಬಳಿ ಬರುತ್ತಿದ್ದವರಲ್ಲಿ ಲೆಕ್ಕದ ಮೇಷ್ಟ್ರೊಬ್ಬರಿದ್ದರು. ಖಿನ್ನತೆ. ಮಾತ್ರೆ, ನಿದ್ದೆ, ಪಾಠ ಎಲ್ಲವೂ ಹೇಗೋ ಒಂದು ಹದಕ್ಕೆ ಬಂದಿತ್ತು. ಒಂದು ದಿನ ತರಗತಿಯಲ್ಲಿ ಲೆಕ್ಕದ ನಡುವೆ ಅವರ ಕೈ ನಿಂತುಹೋಯಿತು. ಕಪ್ಪು ಹಲಗೆಯ ಮೇಲೆ ಏಳು ಎಂಬ ಅಂಕಿಯನ್ನೇ ಮತ್ತೆ ಮತ್ತೆ ಬರೆಯುತ್ತ ಅತ್ತುಬಿಟ್ಟರು. ಯಾರೋ ಫೋನಿನಲ್ಲಿ ಹಿಡಿದರು. ನಲವತ್ತೇ ಸೆಕೆಂಡು. ಸಂಜೆಯೊಳಗೆ ಊರಿಗೂರೇ ನೋಡಿ ನಕ್ಕಿತು. ಯಾವನೋ ಪುಣ್ಯಾತ್ಮ ಅದಕ್ಕೊಂದು ಹಾಡನ್ನೂ ಅಂಟಿಸಿದ.

ಮೂರನೆಯ ದಿನ ಡಾಕ್ಟರಮ್ಮ ಅಂಚೆ ಕಚೇರಿಯ ಸಾಲಿನಲ್ಲಿ ನಿಂತಿದ್ದಳು. ಇಬ್ಬರ ಮುಂದೆ ಮೇಷ್ಟ್ರು. ನಡುವಿನವರು ಒಮ್ಮೆ ಫೋನು ನೋಡಿ, ಒಮ್ಮೆ ಮೇಷ್ಟ್ರನ್ನು ನೋಡಿ ಕಿಸಕ್ಕೆಂದರು. ಮೇಷ್ಟ್ರು ಹಿಂತಿರುಗಿ ನೋಡಿದರು. ಅವರ ಕಣ್ಣು ಆಕೆಯ ಮುಖದ ಮೇಲೆ ನಿಂತು, ಕಾಯಿತು. ಡಾಕ್ಟರಮ್ಮ ಕೈಯಲ್ಲಿದ್ದ ಲಕೋಟೆಯ ವಿಳಾಸ ಓದತೊಡಗಿದಳು. ಅವರ ಮಾನ ಕಾಪಾಡುತ್ತಿದ್ದೇನೆ ಎಂದೇ ಪಾಪ ಆಕೆ ನಂಬಿದ್ದಳು. ತಲೆಯೆತ್ತುವಷ್ಟರಲ್ಲಿ ಮೇಷ್ಟ್ರು ಸಾಲು ಬಿಟ್ಟು ಹೋಗಿದ್ದರು.

ಆ ವಾರದ ಅಂಕಣವನ್ನು ಆಕೆ ಯಾರ ಹೆಸರೂ ಎತ್ತದೆ, ಕಣ್ಣೊರೆಸಿಕೊಳ್ಳುತ್ತಲೇ ಬರೆದಳು. 'ನಗುವವರ ನಡುವೆ ಒಬ್ಬರಾದರೂ ಅವರನ್ನು ಮಾತನಾಡಿಸಿ. ಒಂದು ನಮಸ್ಕಾರ ಸಾಕು.'

ಸೋಮವಾರ ಮೇಷ್ಟ್ರ ಹೆಂಡತಿ ಟೋಕನ್ನನ್ನೂ ತೆಗೆದುಕೊಳ್ಳದೆ ನೇರ ಒಳಗೆ ಬಂದು, ಕತ್ತರಿಸಿದ ಅಂಕಣವನ್ನು ಮೇಜಿನ ಮೇಲಿಟ್ಟರು.

"ಇದು ನೀವೇ ಬರೆದಿದ್ದಾ ಮೇಡಂ?"

"ಹೌದಮ್ಮ."

"ಅಂಚೆ ಕಚೇರಿಯಿಂದ ಬಂದವರು ಕೋಣೆ ಸೇರಿ ಚಿಲಕ ಹಾಕ್ಕೊಂಡ್ರು. ನಾಲ್ಕು ದಿನ ಆಯ್ತು. ಊಟ ಇಲ್ಲ, ಮಾತ್ರೆ ಇಲ್ಲ. ಒಂದೇ ಮಾತು, 'ಡಾಕ್ಟ್ರೂ ಮುಖ ತಿರುಗಿಸಿಬಿಟ್ರು ಕಣೆ, ಇನ್ನು ನಾನಿದ್ದು ಏನು ಮಾಡ್ಲಿ?' ಅಂತ. ಒಬ್ಬರನ್ನೇ ಬಿಟ್ಟು ಬರೋಕೆ ಭಯ ಆಗಿ ತಂಗೀನ ಬಾಗಿಲಲ್ಲಿ ಕೂರಿಸಿ ಬಂದಿದೀನಿ."

"ನಾಲ್ಕು ಜನರ ಎದುರು ಬೇಡ ಅಂತ... ಅವರ ಒಳ್ಳೇದಕ್ಕೇ..."

"ಊರೇ ನೋಡಿ ಆಯ್ತಲ್ಲ ಮೇಡಂ. ಇನ್ನೇನು ಉಳಿದಿದೆ ಮುಚ್ಚೋಕೆ?"

ಹೇಳೋದು ಆಚಾರ, ತಿನ್ನೋದು ಬದನೇಕಾಯಿ ಎಂದು ಡಾಕ್ಟರಮ್ಮ ಅವರಿವರ ಬಗ್ಗೆ ಎಷ್ಟು ಸಲ ನಕ್ಕಿದ್ದಳೋ, ಇವತ್ತು ಆ ಗಾದೆ ಅವಳ ಮನೆ ಬಾಗಿಲಿಗೇ ಬಂದಿತ್ತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಕಾಯುತ್ತಿದ್ದವರ ಕ್ಷಮೆ ಕೇಳಿ ಎದ್ದು, ಆ ಹೆಂಗಸಿನ ಜೊತೆ ನಡೆದೇ ಹೊರಟಳು.

ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳ ಬೀದಿ ಅದು. "ಹುಚ್ಚರ ಡಾಕ್ಟ್ರಲ್ವೇನೆ ಅವಳು?" ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಮೇಷ್ಟ್ರ ಕೋಣೆಯ ಕಿಟಕಿ ಬೀದಿಗೇ ಇತ್ತು. ಅದರ ಕೆಳಗೆ ನಿಂತು ಆಕೆ ಗಟ್ಟಿಯಾಗಿ ಕೂಗಿದಳು.

"ನಮಸ್ಕಾರ ಮೇಷ್ಟ್ರೇ!"

ಅಕ್ಕಪಕ್ಕದ ಬಾಗಿಲುಗಳಲ್ಲಿ ತಲೆಗಳು ಮೂಡಿದವು. ಎಷ್ಟೋ ಹೊತ್ತಿನ ಮೇಲೆ ಕಿಟಕಿ ಒಂದು ಗೇಣು ತೆರೆಯಿತು. ಒಳಗೆ ಕುರುಚಲು ಗಡ್ಡ, ನಿದ್ದೆಗೆಟ್ಟ ಕಣ್ಣು. ಆ ಕಣ್ಣು ಆಕೆಯನ್ನು ನೋಡಿ, ಹಾಗೇ ಪಕ್ಕಕ್ಕೆ ಸರಿಯಿತು.

"ಯಾರು? ಗುರುತು ಸಿಗ್ಲಿಲ್ಲ."

ಕಿಟಕಿ ಮುಚ್ಚಿತು. ಡಾಕ್ಟರಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. ಇದು ತನಗೆ ಸಲ್ಲಬೇಕಾದದ್ದೇ ಎಂದೂ ಅನ್ನಿಸಿತು. ಅಂಚೆ ಕಚೇರಿಯಲ್ಲಿ ಆ ಮನುಷ್ಯನಿಗೆ ಏನಾಗಿತ್ತೆಂದು ಈಗ ಗೊತ್ತಾಯಿತು. ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಆಕೆ ಕಿಟಕಿಯ ಕೆಳಗಿನ ಕಲ್ಲು ಮೆಟ್ಟಿಲ ಮೇಲೆ ಕೂತಳು. "ಗುರುತು ಸಿಗೋವರೆಗೂ ಇಲ್ಲೇ ಇರ್ತೀನಿ ಮೇಷ್ಟ್ರೇ."

ಬಿಸಿಲು ಎದುರುಮನೆಯ ಗೋಡೆ ದಾಟಿ ಆಕೆಯ ಕಾಲಿನವರೆಗೆ ಬಂತು. ಎದುರುಮನೆಯ ಮುದುಕಿಗೆ ಇನ್ನು ತಡೆಯಲಾಗಲಿಲ್ಲ.

"ಏನಮ್ಮಾ, ಮೇಷ್ಟ್ರು ನಿನಗೆ ಪರಿಚಯಾನಾ?"

ಹದಿನೇಳು ವರ್ಷಗಳಲ್ಲಿ ಮೊದಲ ಸಲ ಡಾಕ್ಟರಮ್ಮ ಬೀದಿಯಲ್ಲಿ ಒಂದು ಪರಿಚಯ ಒಪ್ಪಿಕೊಂಡಳು, ಅದೂ ಇಡೀ ಬೀದಿಗೆ ಕೇಳುವಂತೆ.

"ಹೌದಜ್ಜಿ. ಆರು ವರ್ಷದಿಂದ."

ಮುಚ್ಚಿದ ಕಿಟಕಿಯ ಹಿಂದಿನಿಂದ ಒಣಗಿದ ದನಿಯೊಂದು ತಿದ್ದಿತು.

"ಆರು ವರ್ಷ, ಎರಡು ತಿಂಗಳು."