ಮಗಳ ಉಡಿ, ಯೆಮಾಯಾಳ ಮದುಮಗಳು

ಬಸುರಿ ಮಗಳ ಕುಬಸದ ವಾರ ಬೀಗತಿ ಫೋನು ಮಾಡಿದರು. ಹುಬ್ಬಳ್ಳಿಯಿಂದ ಬಂದು ಕ್ಯಾಲಿಫೋರ್ನಿಯಾದ ಮಾರ್ಗನ್ ಹಿಲ್‌ನಲ್ಲಿ ಮಗ-ಸೊಸೆಯ ಜೊತೆ ಇದ್ದವರು.

"ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ. ಉಡಿ ನನ್ನ ನಾದಿನಿ ತುಂಬ್ತಾಳ. ನೀವು ಹಿಂದ ಆರಾಮ ಕೂತು ನೋಡ್ರಿ. ಕೂಸಿನ ಸಲುವಾಗಿ ಹೇಳಾಕತ್ತೀನಿ."

ಹೆತ್ತವಳು ನಾನು. ಬಾಣಂತನ ಮಾಡುವವಳೂ ನಾನೇ. ಆದರೆ ಗಂಡ ತೀರಿಕೊಂಡಿದ್ದಾನಲ್ಲ, ಅದಕ್ಕೆ ನನ್ನ ಕೈಯ ಅಕ್ಕಿ ನನ್ನ ಮಗಳಿಗೇ ಆಗುವುದಿಲ್ಲ! ಮೈಯೆಲ್ಲ ಉರಿದುಹೋಯಿತು. ಏನಾದರೂ ಅಂದುಬಿಟ್ಟೇನು ಎಂದು ಫೋನು ಇಟ್ಟೆ. ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳಿಗೆ ಹೇಳಿದರೆ, "ಅಮ್ಮಾ, ಪ್ಲೀಸ್, ನೋ ಡ್ರಾಮಾ," ಎಂದಳು.

ಸಿಟ್ಟನ್ನು ಮರುದಿನ ಕೆಲಸಕ್ಕೆ ಹೊತ್ತುಕೊಂಡು ಹೋದೆ. ಓಕ್ಲ್ಯಾಂಡಿನ ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿನವಳು ನನ್ನ ಹಳೆಯ ಗೆಳತಿ. ಕಪ್ಪು ಹೆಂಗಸು, ಅಜ್ಜಿ ಕ್ಯೂಬಾದವಳು. ನನ್ನ ಶೇಂಗಾ ಚಟ್ನಿಪುಡಿಯನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುತ್ತಾಳೆ. ಆ ವರ್ಷ ಅವಳು ಮೈತುಂಬ ಬಿಳಿ ತೊಡುತ್ತಿದ್ದಳು. ಅದರ ಮೊದಲ ದಿನ ನಾನು ಮಾಡಿಕೊಂಡ ಫಜೀತಿ ಹೇಳಲೇಬೇಕು. ರಜೆ ಮುಗಿಸಿ ಬಂದಾಗ ಅವಳ ತಲೆ ಬೋಳು, ಅದರ ಮೇಲೆ ಬಿಳಿ ವಸ್ತ್ರ, ಅಂಗಿ ಬಿಳಿ, ಬೂಟು ಸಹ ಬಿಳಿ. ನಮ್ಮ ಕಡೆ ಹೆಂಗಸು ಹಾಗೆ ಕಂಡರೆ ಅರ್ಥ ಒಂದೇ. ಅಪ್ಪಿಕೊಳ್ಳಲು ಹೋದೆ, ಅವಳು ಹಿಂದೆ ಸರಿದಳು.

"ಯಾವಾಗ ಹೋದ? ನನಗೆ ಒಂದು ಮಾತು ಹೇಳಬಾರದಿತ್ತೇ?" ಎಂದು ಅತ್ತೇಬಿಟ್ಟೆ.

"ಯಾರು ಹೋದದ್ದು?" ಎಂದಳು. ನಾನು ಅವಳ ಗಂಡನ ಹೆಸರು ಹೇಳಿದೆ. ಅವಳು ನಕ್ಕ ನಗುವಿಗೆ ಸೂಪರ್‌ವೈಸರು ಬಾಗಿಲಲ್ಲಿ ಇಣುಕಿದ. "ಅವನೇ ಈಗ ಕಾರಿನಲ್ಲಿ ಬಿಟ್ಟುಹೋದನಲ್ಲೇ! ನಾನು ವಿಧವೆಯಲ್ಲ, ಮದುಮಗಳು. ಯೆಮಾಯಾಳಿಗೆ ನನ್ನ ತಲೆ ಒಪ್ಪಿಸಿದ್ದೇನೆ."

ಯೆಮಾಯಾ ಅವಳ ಅಜ್ಜಿಯ ಕಡೆಯ ದೇವಿ, ಕಡಲಿನ ತಾಯಿ. ದೀಕ್ಷೆ ಪಡೆದವರು ಒಂದು ವರ್ಷ ಬಿಳಿ ಬಟ್ಟೆಯಲ್ಲಿರಬೇಕು; ಹೊರಗಿನವರನ್ನು ಮುಟ್ಟುವಂತಿಲ್ಲ, ಕೈಯಿಂದ ಕೈಗೆ ಏನೂ ತೆಗೆದುಕೊಳ್ಳುವಂತಿಲ್ಲ. ಆಮೇಲೊಂದು ದಿನ ಅವಳ ಮನೆಗೆ ಹೋಗಿದ್ದೆ. ಬಾಗಿಲ ಹಿಂದೆ ದಾರಿ ತೆರೆಯುವ ದೇವರು ಎಲೆಗ್ವಾ: ಸಿಮೆಂಟಿನ ಪುಟ್ಟ ಮುಖ, ಕವಡೆಯ ಕಣ್ಣು, ಮುಂದೆ ಪೆಪ್ಪರಮಿಂಟು. ಯಲ್ಲಮ್ಮನ ಜೋಗತಿಯರ ಕೊರಳಲ್ಲಿ ಕವಡೆ ನೋಡಿ ಬೆಳೆದವಳು ನಾನು. ಕೈ ತಾನಾಗಿಯೇ ಮುಗಿಯಿತು. ಒಳಗೆ ಕಪಾಟಿನಲ್ಲಿ ಮುಚ್ಚಳದ ಪಿಂಗಾಣಿ ಬೋಗುಣಿಗಳು, ಒಂದೊಂದರಲ್ಲೂ ಒಂದೊಂದು ದೇವರು. ಹೊಳೆಯ ದೇವಿ ಓಶುನ್‌ಗೆ ಜೇನು, ಸಿಡಿಲಿನ ಶಾಂಗೋಗೆ ಬಾಳೆಹಣ್ಣು.

"ಆಫ್ರಿಕಾದ ಯೊರುಬಾ ಜನರನ್ನು ಹಡಗಿನಲ್ಲಿ ಸರಪಳಿ ಹಾಕಿ ಕ್ಯೂಬಾಕ್ಕೆ ತಂದರು," ಎಂದಳು. "ದೇವರನ್ನು ಬಿಡಿ ಅಂದರು. ನಮ್ಮವರು ಚರ್ಚಿನ ಸಂತರ ಪಟದ ಹಿಂದೆ ಇಟ್ಟುಕೊಂಡು ಪೂಜೆ ಮಾಡಿದರು. ಬಿಡಲಿಲ್ಲ. ನಾನು ಯಾರಿಗೆ ಹೆದರಲಿ?" ಪೂಜೆಗೆ ನಿಂತಾಗ ಎಲ್ಲಕ್ಕಿಂತ ಮೊದಲು ಅವಳು ನೆಲಕ್ಕೆ ನೀರು ಬಿಟ್ಟು ಸತ್ತವರ ಹೆಸರು ಹೇಳಿದಳು. ಅವರನ್ನು ಕರೆಯದೆ ದೇವರನ್ನು ಕರೆಯುವುದಿಲ್ಲವಂತೆ. ನನ್ನ ಗಂಡನ ಹೆಸರು ಕೇಳಿ ಅದನ್ನೂ ಸೇರಿಸಿದಳು. ಅವನು ಹೋದಮೇಲೆ ಶುಭದ ಹೊತ್ತಿನಲ್ಲಿ ಅವನ ಹೆಸರೆತ್ತಿದವರು ಯಾರೂ ಇರಲಿಲ್ಲ. ಎಷ್ಟು ಖುಷಿಯಾಯಿತು ಅಂದರೆ, ಕುಬಸಕ್ಕೆ ಬರಲೇಬೇಕೆಂದು ಅಲ್ಲೇ ಅವಳನ್ನು ಕರೆದಿದ್ದೆ.

ಕುಬಸದ ದಿನ ಅವಳು, ದೀಕ್ಷೆ ಕೊಟ್ಟ ಗುರುತಾಯಿಯ ಅಪ್ಪಣೆ ಕೇಳಿ, ಗಂಡನ ಜೊತೆ ಬಂದಳು. ತಂದಿದ್ದ ಚಾಪೆ ಹಾಸಿ ಗೋಡೆ ಪಕ್ಕ ಕೂತಳು. ನಾನೂ ಅಲ್ಲೇ ಹಿಂದೆ ಕೂತಿದ್ದೆ. ಮಗಳು ಹಸಿರು ಸೀರೆ, ಹಸಿರು ಬಳೆಯಲ್ಲಿ ಕುರ್ಚಿಯ ಮೇಲೆ. ಬೀಗತಿ ಕುಂಕುಮದ ತಟ್ಟೆ ಹಿಡಿದು ಸಾಲಾಗಿ ಬಂದವರು ನಮ್ಮಿಬ್ಬರನ್ನೂ ದಾಟಿ ಹೋದರು. ಮತ್ತೆ ತಿರುಗಿ ನನ್ನ ಕಿವಿಯಲ್ಲಿ, "ಪಾಪ, ಅವರ ಗಂಡ ಯಾವಾಗ ಹೋದ್ರು ರೀ?" ಎಂದರು.

"ಎಲ್ಲಿ ಹೋಗ್ಯಾರ? ಹಿತ್ತಲದಾಗ ನಿಮ್ಮ ಮಗನ ಕೂಡ ನಿಂತಾರ ನೋಡ್ರಿ. ಇಕಿ ದೇವಿಗೆ ಒಪ್ಪಿಸಿಕೊಂಡ ಮದುಮಗಳು."

"ಅಯ್ಯ ಶಿವನ! ಮುತ್ತೈದೀನ ಬಿಟ್ಟು ಹೊಂಟಿದ್ನಲ್ಲಾ!" ಎಂದು ಬೀಗತಿ ತಟ್ಟೆಯನ್ನು ಅವಳ ಮುಂದೆ ಚಾಚಿದರು.

ಅಲ್ಲಿಗೆ ನನ್ನ ತಾಳ್ಮೆ ತೀರಿತು. ಅದೇ ಬೋಳು ತಲೆ, ಅದೇ ಬಿಳಿ ಬಟ್ಟೆ. ಹಿತ್ತಲಿನಲ್ಲಿ ಒಬ್ಬ ಗಂಡಸು ಉಸಿರಾಡುತ್ತಿದ್ದಾನೆಂದು ಗೊತ್ತಾದ ಕೂಡಲೇ ಅವಳು ಶುಭವಾಗಿಬಿಟ್ಟಳು! ಗೆಳತಿ ಕೈ ಚಾಚದೆ, ನೆಲದ ಮೇಲಿಡಿ ಎಂದು ಸನ್ನೆ ಮಾಡಿದಳು. ಬೀಗತಿಗೆ ತಿಳಿಯಲಿಲ್ಲ. ನಾನು ಎದ್ದೆ. ಬೀಗತಿಯ ನಾದಿನಿಯ ಮುಂದಿದ್ದ ಅಕ್ಕಿಯ ಬುಟ್ಟಿ ಎತ್ತಿಕೊಂಡು ಮಗಳ ಮುಂದೆ ನಿಂತೆ.

"ಅಕ್ಕಾರ, ಶಾಸ್ತ್ರ..." ಎಂದರು ಬೀಗತಿ.

"ಇಕೀನ ಒಂಬತ್ತು ತಿಂಗಳು ಹೊತ್ತಾಕಿ ನಾನು. ಅದಕ್ಕಿಂತ ದೊಡ್ಡ ಶಾಸ್ತ್ರ ಇದ್ರ ಹೇಳ್ರಿ, ಕೇಳ್ತೀನಿ."

ನಾದಿನಿ ಪಕ್ಕಕ್ಕೆ ಸರಿದರು. ಮಗಳು ನನ್ನನ್ನೇ ನೋಡುತ್ತಿದ್ದಳು. ಡ್ರಾಮಾ ಅನ್ನುತ್ತಾಳೆಂದುಕೊಂಡೆ, ಅಂದರೆ ಅನ್ನಲಿ. ಅವಳು ಸೆರಗು ಬಿಡಿಸಿ ಎರಡೂ ಕೈಯಲ್ಲಿ ಹಿಡಿದಳು.

"ಮೊದಲನೇ ಬೊಗಸಿ ನಿಮ್ಮಪ್ಪಂದು," ಎಂದು ಅವನ ಹೆಸರನ್ನು ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿ ಅಕ್ಕಿ ಸುರಿದೆ. ಮೇಲೆ ಕೊಬ್ಬರಿ ಬಟ್ಟಲು, ಗುಳೇದಗುಡ್ಡದ ಖಣ ಇಟ್ಟೆ. ಮತ್ತೆ ಅಕ್ಕಿ ಸುರಿದೆ. ಸೆರಗು ಜಗ್ಗತೊಡಗಿತು.

"ಸಾಕ್ರಿ ಇನ್ನ," ಎಂದರು ಬೀಗತಿ ಮೆಲ್ಲಗೆ.

"ಸಾಕು ಅಂತ ಅಕಿ ಅನ್ಲಿ," ಎಂದೆ.

ಮಗಳು ಸೆರಗನ್ನು ಇನ್ನಷ್ಟು ಅಗಲಿಸಿದಳು. "ಇನ್ನೂ ಹಾಕು, ಅಮ್ಮಾ," ಎಂದಳು, ಕನ್ನಡದಲ್ಲಿ.